ಎರಡನೆಯ ಒಲೆಯ ತೆರಿಗೆ

ಮಂಗಳವಾರ ನಮ್ಮ ಕನ್ನಡಕದ ಅಂಗಡಿಗೆ ರಜೆ. ಅಂದು ಬೆಳಿಗ್ಗೆ ನಾನು ಅಡುಗೆಮನೆಯ ಸಿಂಕಿನ ಕೆಳಗೆ ತಲೆ ತೂರಿಸಿಕೊಂಡು, ಸೋರುವ ಪೈಪಿಗೆ ಹಳೆಯ ಬನಿಯನ್ನಿನ ಚೂರು ಸುತ್ತುತ್ತಿದ್ದೆ. ಆ ಪೈಪು ಸೋರಲು ತೊಡಗಿ ವರ್ಷವಾಯಿತು. ಪ್ಲಂಬರನ್ನು ಕರೆಸಿ ಎಂದು ಹೆಂಡತಿ, ಇಷ್ಟಕ್ಕೆಲ್ಲ ಪ್ಲಂಬರ್ ಯಾಕೆ ಎಂದು ನಾನು. ಈ ಒಂದು ವಿಷಯದಲ್ಲಿ ನಮ್ಮ ದಾಂಪತ್ಯ ಬಹಳ ಸ್ಥಿರವಾಗಿದೆ. ಅಷ್ಟರಲ್ಲಿ ಎರಡು ಕಪ್ಪು ಬೂಟುಗಳು ನನ್ನ ಮೂಗಿನ ಮುಂದೆ ಬಂದು ನಿಂತವು.

"ಮನೆ ಮಾಲೀಕರು ಯಾರು?" ಎಂದು ಬೂಟುಗಳು ಕೇಳಿದವು.

"ನಾನೇ," ಎಂದೆ, ಸಿಂಕಿನ ಕೆಳಗಿನಿಂದ.

"ನಾನು," ಎಂದಳು ಹೆಂಡತಿ, ಸಿಂಕಿನ ಮೇಲಿನಿಂದ.

ಕಾಗದದ ಮಟ್ಟಿಗೆ ಅವಳು ಹೇಳಿದ್ದೇ ಸರಿ. ಹೆಂಗಸರ ಹೆಸರಿನಲ್ಲಿ ನೋಂದಣಿ ಮಾಡಿಸಿದರೆ ಶುಲ್ಕದಲ್ಲಿ ರಿಯಾಯಿತಿ ಇದೆ ಎಂದು ಪತ್ತೆಹಚ್ಚಿ, ಮನೆಯನ್ನು ಅವಳ ಹೆಸರಿಗೆ ಮಾಡಿಸಿದ್ದು ನಾನೇ. (ಅಂದು ಉಳಿಸಿದ ದುಡ್ಡಿನಲ್ಲಿ ಒಂದು ಆರಾಮಕುರ್ಚಿ ಕೊಂಡೆ. ಅದೊಂದು ನನ್ನ ಹೆಸರಿನಲ್ಲಿದೆ.)

ಬೂಟುಗಳ ಮೇಲಿದ್ದವರು ತೆರಿಗೆ ಕಚೇರಿಯ ಅಳತೆಯವರು. ಕಿವಿಯ ಹಿಂದೆ ಪೆನ್ನು, ಸೊಂಟದಲ್ಲಿ ಟೇಪು. ಕೆಳಗಿನ ಮನೆ ಅಳೆದು ಮಹಡಿ ಹತ್ತಿದರು. ಮಹಡಿಯಲ್ಲಿರುವುದು ನನ್ನ ಭಾವಮೈದ ಮತ್ತು ಅವನ ಹೆಂಡತಿ. "ಒಳ್ಳೇ ಮನೆ ಸಿಗೋವರೆಗೆ ಇರ್ತೀವಿ ಭಾವ," ಎಂದು ಬಂದವರು. ಅವರಿಗೆ ಒಳ್ಳೆಯ ಮನೆ ಸಿಕ್ಕಿದೆ. ನಮ್ಮದೇ.

ಕೆಳಗಿಳಿದು ಬಂದ ಅಳತೆಯವರು ಘೋಷಿಸಿದರು: "ಕೆಳಗಡೆ ಸ್ವಂತ ವಾಸ. ಮೇಲ್ಗಡೆ ಬಾಡಿಗೆ. ಬಾಡಿಗೆ ಭಾಗಕ್ಕೆ ತೆರಿಗೆ ಎರಡರಷ್ಟು."

"ಬಾಡಿಗೆ ಯಾರು ಕೊಟ್ಟರು ಸ್ವಾಮಿ? ಒಂದು ಬಿಡಿಗಾಸು ಕೊಡಲ್ಲ ಅವರು!"

"ಕೊಡ್ತಾರೋ ಬಿಡ್ತಾರೋ, ಅದು ಅವರಿಗೂ ಮಾಲೀಕರಿಗೂ ಬಿಟ್ಟಿದ್ದು. ನಾವು ನೋಡೋದು ಒಲೆ. ಒಂದು ಒಲೆ ಅಂದ್ರೆ ಒಂದು ಸಂಸಾರ. ಮಾಲೀಕರು ಉಣ್ಣೋ ಒಲೆ ಎಲ್ಲಿದೆಯೋ ಅದು ಸ್ವಂತ ವಾಸ. ಇನ್ನೊಂದು ಒಲೆ ಕಂಡ್ರೆ ಬಾಡಿಗೆ. ತಕರಾರಿದ್ರೆ ಅರ್ಜಿ ಕೊಡಿ, ಮತ್ತೆ ಬಂದು ನೋಡ್ತೀನಿ."

ನನಗೆ ಮೈಯೆಲ್ಲ ಉರಿಯಿತು. ಬಾಡಿಗೆ ವಸೂಲಿ ಮಾಡುವವನು ಅದರಲ್ಲೊಂದು ಪಾಲನ್ನು ತೆರಿಗೆಯಾಗಿ ಕಟ್ಟಲಿ, ನ್ಯಾಯ. ಸ್ವಂತಕ್ಕೆ ಇಟ್ಟುಕೊಂಡವನು ಅರ್ಧ ಕಟ್ಟಲಿ, ಅದೂ ನ್ಯಾಯ. ಆದರೆ ಭಾವಮೈದನನ್ನು ಇಟ್ಟುಕೊಂಡವನು? ಅವನಿಗೆ ಸರ್ಕಾರ ಪರಿಹಾರಧನ ಕೊಡಬೇಕು! ಬಾಡಿಗೆಯ ಸುಖ ಕಾಣದವನ ಮೇಲೆ ಬಾಡಿಗೆಯ ದರ ಹೇರುವುದು ಯಾವ ಧರ್ಮ ಎಂದು ಪೈಪನ್ನೇ ಕೇಳಿದೆ. ಅದು ತೊಟ್ಟಿಕ್ಕಿತು.

ಸಂಜೆ ಭಾವಮೈದನನ್ನು ಕರೆದೆ.

"ನೋಡಪ್ಪಾ, ಬಾಡಿಗೆ ದರದಲ್ಲಿ ತೆರಿಗೆ ಕಟ್ಟಿಕೊಂಡು ಬಾಡಿಗೆ ಬಿಟ್ಟುಬಿಡೋಕೆ ನಾನೇನು ಹುಚ್ಚನಾ?"

"ಭಾವ, ಬಾಡಿಗೆ ಕೇಳೋದಾದ್ರೆ ಅಕ್ಕ ಕೇಳಬೇಕು. ಮನೆ ಅಕ್ಕಂದಲ್ವಾ?" ಎಂದು ಅವನು ನನ್ನ ಆರಾಮಕುರ್ಚಿಯಲ್ಲಿ ಕೂತ.

ಅಕ್ಕ ಕೇಳಲಿಲ್ಲ. "ಒಡಹುಟ್ಟಿದವನ ಹತ್ರ ಬಾಡಿಗೆನಾ? ನಿಮಗೆ ನಾಚಿಕೆ ಆಗಲ್ವಾ?" ಎಂದು ನನ್ನನ್ನೇ ಕೇಳಿದಳು.

ಆಗ ನನ್ನ ತಲೆಯಲ್ಲಿ ಆ ಮಹಾ ಯೋಜನೆ ಮೂಡಿತು. ತಂಟೆ ಇರುವುದು ಒಲೆಯಲ್ಲಿ ತಾನೆ? ಒಲೆಯನ್ನೇ ಎತ್ತಿಬಿಟ್ಟರೆ? ಮೇಲಿನವರು ಕೆಳಗೆ ಬಂದು ನಮ್ಮ ಜೊತೆ ಉಣ್ಣಲಿ. ಒಲೆ ಒಂದು, ಸಂಸಾರ ಒಂದು, ದರ ಒಂದು. ಅಳತೆಯವರು ಬಂದು ಹೋದ ಮೇಲೆ ಮತ್ತೆ ಅವರವರ ಹೊಗೆ ಅವರವರಿಗೆ. ತಕರಾರು ಅರ್ಜಿಯನ್ನು ಅಂದೇ ಬರೆದೆ. ಅದರಲ್ಲಿ 'ಅವಿಭಕ್ತ', 'ಏಕಪಾಕ' ಎಂಬ ಪದಗಳನ್ನು ಧಾರಾಳವಾಗಿ ಬಳಸಿದೆ.

ನಾಟಕ ಸಹಜವಾಗಿ ಕಾಣಲಿ ಎಂದು ತಾಲೀಮನ್ನು ಮೊದಲೇ ಶುರು ಮಾಡಿಸಿದೆ. ಮೇಲಿನ ಒಲೆ ಭಾವಮೈದನ ಗೆಳೆಯನ ಮನೆ ಸೇರಿತು. ಇಬ್ಬರು ಹೆಂಗಸರು ಒಂದೇ ಅಡುಗೆಮನೆಯಲ್ಲಿ ಜಡೆ ಹಿಡಿದುಕೊಳ್ಳುತ್ತಾರೆಂದು ನಾನು ಹೆದರಿದ್ದೆ. ನನ್ನವಳು ಒಲೆ ಹಚ್ಚಿದ ಮೇಲೆ ಈರುಳ್ಳಿ ಹುಡುಕುವವಳು. ಭಾವಮೈದನ ಹೆಂಡತಿ ಎಲ್ಲ ಹೆಚ್ಚಿ, ಸಾಲಾಗಿ ಜೋಡಿಸಿ, ಕೈ ಒರೆಸಿಕೊಂಡು, ಆಮೇಲೆ ಒಲೆ ಹಚ್ಚುವವಳು. ಆದರೆ ಅವರು ಜಗಳವಾಡಲಿಲ್ಲ. ಅದಕ್ಕಿಂತ ಅಪಾಯಕಾರಿಯಾದದ್ದು ನಡೆಯಿತು: ಇಬ್ಬರೂ ಒಂದಾದರು.

"ಅತ್ತಿಗೆ, ಈ ಸಿಂಕಿನ ಕೆಳಗೆ ಯಾವಾಗಲೂ ಹೀಗೇ ನೀರಾ?"

"ನಿಮ್ಮಣ್ಣನ ಕೈಚಳಕ ಕಣೇ ಅದು. ಬನಿಯನ್ ಕಟ್ಟಿದ್ದಾರೆ ನೋಡು."

"ಗಾಯಕ್ಕೆ ಕಟ್ಟಿದ ಹಾಗಿದೆ," ಎಂದಳು ಅವಳು. ಇಬ್ಬರೂ ನಕ್ಕರು. ನಾನು ಬಾಗಿಲಲ್ಲೇ ಇದ್ದೆ. (ಕುಕ್ಕರಿನ ಸೀಟಿ ಎಣಿಸಿ ಅನಿಲದ ಖರ್ಚು ಅಂದಾಜು ಮಾಡಲು ನಿಂತಿದ್ದೆ. ಮನೆಯಲ್ಲಿ ಯಾರಾದರೂ ಮಾಡಲೇಬೇಕಾದ ಕೆಲಸ ಅದು.)

ಮರುದಿನ ಅಂಗಡಿಯಿಂದ ಬಂದಾಗ ಅಡುಗೆಮನೆ ಬೋಳಾಗಿತ್ತು. ಒಲೆ, ಸಿಲಿಂಡರು, ಪಾತ್ರೆ ಒಂದೂ ಇಲ್ಲ. ಮೇಲಿನಿಂದ ಒಗ್ಗರಣೆಯ ಘಮ ಬರುತ್ತಿತ್ತು.

"ಇದೇನೇ ಇದು?" ಎಂದು ಮೆಟ್ಟಿಲ ಬುಡದಿಂದ ಕೂಗಿದೆ.

"ನಿಮಗೆ ಬೇಕಾಗಿದ್ದು ಒಂದೇ ಒಲೆ ತಾನೆ? ಒಂದೇ ಇದೆ. ಯಾವ ಮಹಡೀಲಿ ಅಂತ ನೀವು ಹೇಳಿರಲಿಲ್ಲ. ಇಲ್ಲಿ ಗಾಳಿ ಬರುತ್ತೆ, ನಲ್ಲಿ ಸೋರಲ್ಲ, ಬಾಗಿಲಲ್ಲಿ ನಿಂತು ಸೀಟಿ ಎಣಿಸೋರಿಲ್ಲ. ಊಟಕ್ಕೆ ಬರ್ತೀರೋ ಇಲ್ವೋ?"

ಯೋಚಿಸಿ ನೋಡಿದೆ. ಒಲೆ ಮೇಲಿದ್ದರೇನು, ಕೆಳಗಿದ್ದರೇನು, ಲೆಕ್ಕ ಒಂದೇ. ಮೇಲೆ ಹೋಗಿ ಉಂಡೆ. ಎರಡು ದಿನ ಕಳೆಯುವುದರೊಳಗೆ ಹೆಂಡತಿಯ ಬಟ್ಟೆಬರೆಯೂ ಮೇಲೇರಿತು; ಆಸ್ಪತ್ರೆಯ ಪ್ರಯೋಗಾಲಯದಲ್ಲಿ ದಿನವಿಡೀ ನಿಂತು ಬಂದವಳಿಗೆ ಮತ್ತೆ ಮೆಟ್ಟಿಲು ಹತ್ತಿ ಇಳಿಯುವುದು ಕಷ್ಟವಂತೆ. ಅಲ್ಲಿ ಗಾಳಿಯ ಕೋಣೆ ಖಾಲಿಯಿತ್ತು. ನಾನು ಮಾತ್ರ ಕದಲಲಿಲ್ಲ. ಆರಾಮಕುರ್ಚಿ ಮೆಟ್ಟಿಲ ತಿರುವಿನಲ್ಲಿ ತೂರುತ್ತಿರಲಿಲ್ಲ.

ಅಳತೆಯವರು ಎರಡನೆಯ ಸಲ ಬಂದ ದಿನ ನಾನು ಅಂಗಡಿಗೆ ರಜೆ ಹಾಕಿ, ಇಸ್ತ್ರಿಯ ಅಂಗಿ ತೊಟ್ಟು ಕಾದಿದ್ದೆ. ಅವರು ನೇರ ಮಹಡಿಗೆ ಹೋದರು. ನಾನು ಹಿಂದೆಯೇ ಹೊರಟರೆ, "ನೀವು ಬರಬೇಡಿ, ನಿಮ್ಮ ಬಾಯಿ ಸುಮ್ಮನಿರಲ್ಲ," ಎಂದು ಹೆಂಡತಿ ತಡೆದಳು. ಹೋಗಲಿ, ಸರ್ಕಾರದ ಕೆಲಸಕ್ಕೆ ಬಂದವರನ್ನು ಒಣಬಾಯಲ್ಲಿ ಕಳಿಸಬಾರದು ಎನಿಸಿತು. ಕೆಳಗಿನಿಂದಲೇ ಕೂಗಿದೆ:

"ಲೇ, ಅವರಿಗೆ ಒಂದು ಲೋಟ ಚಹಾ ಮಾಡಿಕೊಡೇ!"

"ಒಲೆ ಮೇಲೆ ಅನ್ನ ಇದೆ ರೀ. ಇರೋದು ಒಂದೇ ಒಲೆ!" ಎಂದು ಅವಳು ಅಳತೆಯವರಿಗೆ ಚೆನ್ನಾಗಿ ಕೇಳಿಸುವಂತೆ ಉತ್ತರಿಸಿದಳು. ಎಂಥ ಜಾಣೆ! ನನ್ನ ಎದೆ ಉಬ್ಬಿತು. ಆ ಉಬ್ಬಿನಲ್ಲಿಯೇ ಅಟ್ಟದ ಮೇಲಿದ್ದ ಹಳೆಯ ಕರೆಂಟ್ ಒಲೆ, ಪಾತ್ರೆ, ಸೋಸುಕಗಳನ್ನು ಇಳಿಸಿ, ಧೂಳು ಒರೆಸಿ, ಎದುರಂಗಡಿಯಿಂದ ಹಾಲು, ಚಹಾಪುಡಿ ತಂದು, ನಾನೇ ಚಹಾ ಕಾಸಿದೆ. ಏಲಕ್ಕಿ ಕೂಡ ಹಾಕಿದೆ.

ಅಳತೆಯವರು ಕೆಳಗೆ ಬಂದು, ನನ್ನ ಆರಾಮಕುರ್ಚಿಯಲ್ಲಿ ಕೂತು, ನಿಧಾನವಾಗಿ ಕುಡಿದರು.

"ಚಹಾ ಚೆನ್ನಾಗಿದೆ. ಯಾರು ಮಾಡಿದ್ದು?"

"ನಾನೇ!" ಎಂದೆ ಹೆಮ್ಮೆಯಿಂದ.

"ಎಲ್ಲಿ?"

ನಾನು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಲ್ಲಲು ಹೊರಟೆ. ಅಷ್ಟರಲ್ಲಿ ಬೂಟುಗಳು ಅಡುಗೆಮನೆಯಲ್ಲಿದ್ದವು. ಆರಿಸಲು ಮರೆತಿದ್ದ ಕರೆಂಟ್ ಒಲೆ ಇನ್ನೂ ಕೆಂಪಗಿತ್ತು. ಪಕ್ಕದಲ್ಲಿ ಒಂದು ಪಾತ್ರೆ, ಒಂದು ಸೋಸುಕ. ಆಚೆ ಕೋಣೆಯಲ್ಲಿ ಒಂದು ಮಂಚ, ಒಂದು ಟವೆಲ್ಲು.

"ಒಂಟಿಯಾಗಿ ಇದ್ದೀರಿ ಅನ್ನಿ. ಎಷ್ಟು ದಿನ ಆಯ್ತು?"

"ಒಂಟಿ ಯಾಕೆ ಸ್ವಾಮಿ? ನಾನು ಮಾಲೀಕರ ಗಂಡ!"

"ಇರಬಹುದು. ಗಂಡ ಅನ್ನೋದಕ್ಕೆ ನಮ್ಮಲ್ಲಿ ಬೇರೆ ದರ ಇಲ್ಲ. ಮಾಲೀಕರ ಒಲೆ, ಮಾಲೀಕರ ಹಾಸಿಗೆ ಎರಡೂ ಮೇಲಿವೆ, ನಾನೇ ನೋಡಿ ಬಂದೆ. ಮೇಲ್ಗಡೆ ಸ್ವಂತ ವಾಸ. ಇಲ್ಲಿ ಎರಡನೇ ಒಲೆ ಇದೆ. ಕೆಳಗಡೆ ಬಾಡಿಗೆ."

"ನಾನು ಬಾಡಿಗೆ ಕೊಡಲ್ಲ ರೀ!"

"ಕೊಡ್ತೀರೋ ಬಿಡ್ತೀರೋ, ಅದು ನಿಮಗೂ ಮಾಲೀಕರಿಗೂ ಬಿಟ್ಟಿದ್ದು," ಎಂದು ಅವರು ಲೋಟ ಕೆಳಗಿಟ್ಟರು.

ಕೆಳಗಿನ ಮನೆ ಮೇಲಿನದಕ್ಕಿಂತ ದೊಡ್ಡದು. ಹಾಗಾಗಿ ಮೊದಲಿನ ತೆರಿಗೆಯನ್ನೇ ಬಾಯಿ ಮುಚ್ಚಿಕೊಂಡು ಕಟ್ಟಿದ್ದರೆ ಕಡಿಮೆಯಲ್ಲಿ ಮುಗಿಯುತ್ತಿತ್ತು. ಎರಡನೆಯ ತಕರಾರಿಗೆ ಅವಕಾಶವಿಲ್ಲ; ಇದ್ದರೂ ಅದಕ್ಕೆ ಸಹಿ ಹಾಕಬೇಕಾದವರು ಮಾಲೀಕರು. ಅವರಿಗೆ ಗಾಳಿಯ ಕೋಣೆ ಒಗ್ಗಿಹೋಗಿದೆ.

ಅಂದು ಊಟಕ್ಕೆ ಕೂತಾಗ ನಾನು ಮನೆಯ ಜನರೆದುರು ನ್ಯಾಯ ಕೇಳಿದೆ. "ಆ ಅಳತೆಯವನು ಸ್ವಂತ ಮನೆಯಲ್ಲಿ ನನ್ನನ್ನು ಬಾಡಿಗೆದಾರ ಮಾಡಿಬಿಟ್ಟನಲ್ಲ, ಇದಕ್ಕೆ ಹೇಳೋರು ಕೇಳೋರು ಇಲ್ವಾ?"

"ಅಣ್ಣ, ಇನ್ನೂ ಸ್ವಲ್ಪ ಬಡಿಸಲಾ?" ಎಂದಳು ಭಾವಮೈದನ ಹೆಂಡತಿ, ಕನಿಕರದಿಂದ.

"ತಾಳು, ಅದು ಆಮೇಲೆ," ಎಂದಳು ಹೆಂಡತಿ. ನನ್ನ ಕಡೆ ತಿರುಗಿದಳು. "ಏನ್ರೀ, ಬಾಡಿಗೆ ದರದಲ್ಲಿ ತೆರಿಗೆ ಕಟ್ಟಿಕೊಂಡು ಬಾಡಿಗೆ ಬಿಟ್ಟುಬಿಡೋಕೆ ನಾನೇನು ಹುಚ್ಚಿಯಾ?"

"ಕಟ್ಟಿಕೊಂಡ ಗಂಡನ ಹತ್ರ ಬಾಡಿಗೆನಾ? ನಿನಗೆ ನಾಚಿಕೆ ಆಗಲ್ವಾ?"

"ಒಡಹುಟ್ಟಿದವನ ಹತ್ರ ಕೇಳು ಅಂತ ಹೇಳುವಾಗ ನಿಮಗೆ ಆಗಿತ್ತಾ?"

ಭಾವಮೈದ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವನು ಈಗ ಸ್ವಂತ ವಾಸದವರ ಪೈಕಿ. ಬಾಡಿಗೆದಾರರ ಸಮಸ್ಯೆಗಳಲ್ಲಿ ಅವನು ತಲೆ ಹಾಕುವುದಿಲ್ಲ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಾನು ಬಾಡಿಗೆ ಕೊಡಬೇಕು. ಮುಂಗಡ ಬೇಡವೆಂದು ಮಾಲೀಕರು ದೊಡ್ಡ ಮನಸ್ಸು ಮಾಡಿದ್ದಾರೆ. ಸಣ್ಣಪುಟ್ಟ ರಿಪೇರಿಯ ಖರ್ಚು ಬಾಡಿಗೆದಾರನದೇ ಆದ್ದರಿಂದ, ನಾಳೆ ಬೆಳಿಗ್ಗೆ ಮಾಲೀಕರು ಕರೆಸಿದ ಪ್ಲಂಬರ್ ಬರುತ್ತಾನೆ.