ಕೆಫೆ ರೇಸರ್ ಏರಿ ಷಷ್ಟಿಪೂರ್ತಿಗೆ

ಕೂರುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ವಿಕ್ರೋಳಿಯಲ್ಲಿ ಆಫೀಸು ಕುರ್ಚಿ ತಯಾರಿಸುವ ಸಣ್ಣದೊಂದು ಕಾರ್ಖಾನೆಯಲ್ಲಿ ಇಡೀ ಆಯಸ್ಸು ಸವೆಸಿದವನು ನಾನು. ಮನುಷ್ಯನ ಬೆನ್ನು ಎಲ್ಲಿ ಒರಗಬೇಕು, ಮೊಣಕೈ ಎಷ್ಟು ಎತ್ತರದಲ್ಲಿರಬೇಕು, ಕೂರುವ ಭಾಗಕ್ಕೆ ಎಷ್ಟು ದಪ್ಪದ ಸ್ಪಂಜು ಬೇಕು ಎಂಬುದೆಲ್ಲ ನನಗೆ ಕರತಲಾಮಲಕ. ಮುಂಬಯಿಯ ಅದೆಷ್ಟೋ ಗುಮಾಸ್ತರು ಊಟವಾದ ಮೇಲೆ ಸುಖವಾಗಿ ತೂಕಡಿಸುತ್ತಾರೆಂದರೆ ಅದರಲ್ಲಿ ನನ್ನ ಅಳಿಲು ಸೇವೆಯೂ ಇದೆ. ಇಂಥ ನಾನು ನನ್ನ ಹಳೆಯ ಮೋಟರ್ ಸೈಕಲ್ಲನ್ನು ಕೆಫೆ ರೇಸರ್ ಮಾಡಿಸಲು ಹೊರಟಾಗ, ಅದರ ಮೇಲೆ ಕೂರುವುದೇ ಒಂದು ಸಮಸ್ಯೆಯಾದೀತೆಂದು ಯಾರು ತಾನೇ ಊಹಿಸಿದ್ದರು?

ನನ್ನ ಹೆಂಡತಿ ಸುಮಿತ್ರಾ ಊಹಿಸಿದ್ದಳು. ಅವಳ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ ಅಷ್ಟೆ.

ಕೆಫೆ ರೇಸರ್ ಎಂದರೇನೆಂದು ಗೊತ್ತಿಲ್ಲದ ಪುಣ್ಯವಂತರಿಗಾಗಿ ಎರಡು ಮಾತು. ಹಿಂದೊಮ್ಮೆ ವಿಲಾಯತಿಯ ಪಡ್ಡೆ ಹುಡುಗರು ಒಂದು ಕಾಫಿ ಹೋಟೆಲಿನಿಂದ ಇನ್ನೊಂದಕ್ಕೆ ಪೈಪೋಟಿಯ ಮೇಲೆ ಗಾಡಿ ಓಡಿಸುತ್ತಿದ್ದರಂತೆ. ಗಾಳಿಗೆ ಅಡ್ಡವಾಗಬಾರದೆಂದು ಹ್ಯಾಂಡಲ್ಲನ್ನು ತಗ್ಗಿಸಿ, ಕಾಲಿಡುವ ಜಾಗವನ್ನು ಹಿಂದಕ್ಕೆ ತಳ್ಳಿ, ಸೀಟನ್ನು ಒಬ್ಬನಿಗೆ ಸಾಕಾಗುವಷ್ಟು ಕತ್ತರಿಸಿ, ಬೇಡದ್ದನ್ನೆಲ್ಲ ಕಿತ್ತೆಸೆಯುತ್ತಿದ್ದರಂತೆ. ಓಡಿಸುವವನು ಪೆಟ್ರೋಲ್ ಟ್ಯಾಂಕಿನ ಮೇಲೆ ಹೆಚ್ಚುಕಡಿಮೆ ಬೋರಲು ಮಲಗಬೇಕು. ಇದನ್ನು ನಾನು ಫೋನಿನಲ್ಲಿ ನೋಡಿದೆ. ನೋಡಿದ ಕ್ಷಣದಿಂದ ನನ್ನ ಬುದ್ಧಿ ನನ್ನ ಕೈಯಲ್ಲಿರಲಿಲ್ಲ.

ಬುದ್ಧಿ ಕೈತಪ್ಪಲು ಕಾರಣ ನನ್ನ ಷಡ್ಡಕ, ಶ್ರೀಧರಮೂರ್ತಿ. ನನ್ನ ಹೆಂಡತಿಯ ಅಕ್ಕ ವಿಶಾಲಾಕ್ಷಿಯ ಗಂಡ. ಬಾಂದ್ರಾದಲ್ಲಿ ಮನೆ. ನನಗಿಂತ ಒಂದು ವರ್ಷವೂ ದೊಡ್ಡವರಲ್ಲ, ಆದರೆ ಹಿರಿಯ ಅಳಿಯ! ನನ್ನ ಮದುವೆಯ ಹಿಂದಿನ ದಿನ, ಮೈಸೂರಿನಲ್ಲೇ ಹುಟ್ಟಿದ ನನ್ನ ಮೋಟರ್ ಸೈಕಲ್ಲು ಮೈಸೂರಿನದೇ ಛತ್ರದ ಮುಂದೆ ಕೆಟ್ಟು ನಿಂತಾಗ, ಇಡೀ ಬೀಗರ ಬಳಗದೆದುರು ಈ ಮಹಾನುಭಾವರು, "ಏನ್ರೀ, ಇದು ನಿಮ್ಮನ್ನ ಹೊತ್ಕೊಂಡು ಬಂತೋ, ನೀವು ಇದನ್ನ ಹೊತ್ಕೊಂಡು ಬಂದ್ರೋ?" ಎಂದು ಕೇಳಿದ್ದರು. ಎಲ್ಲರೂ ನಕ್ಕರು. ನನ್ನ ಸುಮಿತ್ರಾ ಕೂಡ! ಅಂದಿನಿಂದ ನಾನು ಅವರ ಮುಂದೆ ತಲೆ ತಗ್ಗಿಸಿದವನಲ್ಲ. ಹಬ್ಬ, ಮುಂಜಿ, ಗೃಹಪ್ರವೇಶ ಎಲ್ಲದರಲ್ಲೂ ನಮಸ್ಕಾರದ ಹೊತ್ತಿಗೆ ಸರಿಯಾಗಿ ನನಗೆ ಫೋನು ಬರುತ್ತಿತ್ತು.

ಈಗ ಅವರ ಷಷ್ಟಿಪೂರ್ತಿ. ಅರವತ್ತು ತುಂಬಿದವರಿಗೆ ಮತ್ತೊಮ್ಮೆ ಮದುವೆ ಮಾಡಿ, ಕಿರಿಯರೆಲ್ಲ ಸಾಲಾಗಿ ಬಂದು ದಂಪತಿಗಳ ಕಾಲಿಗೆ ಬೀಳುವ ಕಾರ್ಯಕ್ರಮ.

"ರೀ, ಈ ಸಲ ಒಂದೇ ಒಂದು ಸಲ ಬಗ್ಗಿಬಿಡಿ," ಎಂದಳು ಸುಮಿತ್ರಾ. "ಅಕ್ಕನಿಗೆ ಅದೊಂದು ಕೊರಗು ಇದೆ. ತಂಗಿ ಗಂಡ ನಮ್ಮವರಿಗೆ ಒಂದು ನಮಸ್ಕಾರನೂ ಮಾಡಲ್ಲ ಅಂತ ನನ್ನ ಹತ್ರ ಕಣ್ಣೀರು ಹಾಕಿದ್ಲು."

"ಬರ್ತೀನಿ, ಉಡುಗೊರೆ ಕೊಡ್ತೀನಿ, ಹೋಳಿಗೆ ತಿಂತೀನಿ. ಬಗ್ಗೋದು ಮಾತ್ರ ಸಾಧ್ಯ ಇಲ್ಲ!"

"ಒಂದು ಕ್ಷಣದ ಕೆಲಸ ಕಣ್ರೀ."

"ಆ ಮನುಷ್ಯನ ಮುಂದೆ ನೆಟ್ಟಗೆ ನಿಲ್ತೀನಿ ನೋಡ್ತಿರು. ಅದೂ ಅದೇ ಮೋಟರ್ ಸೈಕಲ್ ಮೇಲೆ ಬಂದು!"

ಹೀಗೆ ನನ್ನ ಗಾಡಿಯ ಪುನರ್ಜನ್ಮಕ್ಕೆ ಮುಹೂರ್ತವಾಯಿತು.

ಪವಾಯಿಯ ಒಂದು ಶೆಡ್ಡಿನಲ್ಲಿ ಹಳೆಯ ಗಾಡಿಗಳಿಗೆ ಹೊಸ ವೇಷ ಕಟ್ಟುವ ರೋಹನ್ ಎಂಬ ಯುವಕ ನಮ್ಮವನೇ. ಅಂದರೆ ಅವನ ಅಜ್ಜಿ ಕನ್ನಡದವರು. ಗಡ್ಡ, ಮೈತುಂಬ ಹಚ್ಚೆ, ಅಪಾರ ಆತ್ಮವಿಶ್ವಾಸ. ನಾನು ವೃತ್ತಿಸಹಜ ಕುತೂಹಲದಿಂದ, ಸೀಟಿಗೆ ಎಷ್ಟು ಸ್ಪಂಜು ಹಾಕುತ್ತೀಯಪ್ಪ ಎಂದು ಕೇಳಿದೆ. ಅವನು ನನ್ನನ್ನು ಕರುಣೆಯಿಂದ ನೋಡಿದ.

"ಅಂಕಲ್, ಕಂಫರ್ಟ್ ಬೇಕು ಅಂದ್ರೆ ಸೋಫಾ ತಗೊಳ್ಳಿ ನಾ!"

ಈ ಒಂದು ವಾಕ್ಯಕ್ಕೆ ನನ್ನ ಇಡೀ ಜೀವಮಾನದ ಕುರ್ಚಿಶಾಸ್ತ್ರ ತಲೆಕೆಳಗಾಯಿತು. ನಿಜವಲ್ಲವೇ? ಸುಖ ಬೇಕೆನ್ನುವವನು ಮುದುಕ! ನಾನು ಮುದುಕನೇ? ಅಷ್ಟಾದರೂ ಆ ಹುಡುಗ ಒಳ್ಳೆಯವನು, ಹ್ಯಾಂಡಲ್ ಕೂರಿಸುವಾಗ, "ಅಂಕಲ್, ನಿಮ್ಮ ಏಜ್‌ಗೆ ಥೋಡಾ ಮೇಲೆ ಇಡ್ಲಾ?" ಎಂದು ಕೇಳಿದ. ಏಜ್ ಎಂಬ ಮಾತು ಕೇಳಿದ್ದೇ ತಡ, "ಬೇಡ, ಇನ್ನೂ ತಗ್ಗಿಸು!" ಎಂದೆ. ತಗ್ಗಿಸಿದ. ಕಾಲಿಡುವ ಕಡ್ಡಿ ಹಿಂದಕ್ಕೆ ಹೋಯಿತು. "ಇನ್ನೂ ಹಿಂದೆ!" ಎಂದೆ. ಸೀಟು ಹಪ್ಪಳದಷ್ಟಾಯಿತು. ಹಿಂದಿನ ಸ್ಪ್ರಿಂಗುಗಳು ಕಬ್ಬಿಣದ ಕಡಲೆಯಂತಾದವು.

ಕೆಲಸ ಮುಗಿದ ದಿನ ಶೆಡ್ಡಿನಲ್ಲಿ ಗಾಡಿ ಸ್ಟ್ಯಾಂಡ್ ಹಾಕಿ ನಿಂತಿರುವಂತೆಯೇ ನಾನದರ ಮೇಲೆ ಹತ್ತಿ, ಫ್ಯಾನಿನ ಕೆಳಗೆ, ಒಂದು ಕಟಿಂಗ್ ಚಹಾ ಮುಗಿಯುವಷ್ಟು ಹೊತ್ತು ಪರೀಕ್ಷೆ ಮಾಡಿದೆ. ಆಹಾ, ಏನು ಹಿತ! ಕುರ್ಚಿಯೊಂದನ್ನು ಪಾಸು ಮಾಡಬೇಕಾದರೆ ನಾವು ಅದರ ಮೇಲೆ ಜನರನ್ನು ದಿನಗಟ್ಟಲೆ ಕೂರಿಸಿ ನೋಡುತ್ತೇವೆ. ನನ್ನ ಸ್ವಂತ ಬೆನ್ನಿಗೆ ನಾನು ಕೊಟ್ಟಿದ್ದು ಅರ್ಧ ಗ್ಲಾಸು ಚಹಾ.

ರೋಹನನೇ ಗಾಡಿಯನ್ನು ನಮ್ಮ ಬಿಲ್ಡಿಂಗಿಗೆ ತಂದು ಬಿಟ್ಟುಹೋದ. ನೋಡಲು ಮೊದಲು ಬಂದವರು ಕೆಳಗಿನ ಮಹಡಿಯ ಶೆಟ್ಟರು. ಉಡುಪಿ ಕಡೆಯವರು, ಹೋಟೆಲು, ಕೇಟರಿಂಗು ಎರಡೂ ಉಂಟು. ಷಷ್ಟಿಪೂರ್ತಿಯ ಊಟವೂ ಅವರದೇ. ಅವರು ಗಾಡಿಗೆ ಒಂದು ಪ್ರದಕ್ಷಿಣೆ ಹಾಕಿ ಗಂಭೀರವಾಗಿ ಕೇಳಿದರು: "ಎಂತ ಮಾರಾಯ್ರೆ, ಇದ್ರ ಮೇಲೆ ನೀವು ಕೂರುವುದಾ, ಮಲಗುವುದಾ?"

ಸುಮಿತ್ರಾ ಸೀಟಿನ ಹಿಂಭಾಗವನ್ನು ಕೈಯಿಂದ ಮುಟ್ಟಿ ನೋಡಿದಳು. ಅಲ್ಲಿ ಮುಟ್ಟುವಂಥದ್ದೇನೂ ಇರಲಿಲ್ಲ.

"ನಾನೆಲ್ಲಿ ಕೂರ್ಲಿ?"

ದೇವರಾಣೆಗೂ ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ! ಮದುವೆಯಾದಾಗಿನಿಂದ ನನ್ನ ಬೆನ್ನ ಹಿಂದೆ ಕೂತವಳು. ಅವಳು ಒಂದು ನಿಟ್ಟುಸಿರು ಬಿಟ್ಟು, "ಒಳ್ಳೇದೇ ಆಯ್ತು ಬಿಡಿ. ರಂಗೋಲಿ ಹಾಕೋಕೆ ನಾನು ಬೆಳಿಗ್ಗೆ ಬೇಗನೆ ಆಟೋದಲ್ಲಿ ಹೋಗ್ತೀನಿ. ನೀವು ಹುಷಾರಾಗಿ ಬನ್ನಿ, ಸಾಕು," ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಷಷ್ಟಿಪೂರ್ತಿಯ ದಿನ ಜರಿಯಂಚಿನ ಪಂಚೆಯ ಆಸೆ ಬಿಟ್ಟು, ಪ್ಯಾಂಟು, ರೇಷ್ಮೆ ಜುಬ್ಬ, ಹೆಲ್ಮೆಟ್ ಧರಿಸಿ ಹೊರಟೆ. ಬಿಲ್ಡಿಂಗಿನ ಗೇಟು ದಾಟುವವರೆಗೆ ನಾನು ರಾಜಕುಮಾರನಾಗಿದ್ದೆ. ಗೇಟಿನಾಚೆ ಮೊದಲ ಖಡ್ಡಾ ಸಿಕ್ಕಿತು.

ಕುರ್ಚಿಶಾಸ್ತ್ರದ ಪ್ರಕಾರ ಗುಂಡಿಯ ಏಟನ್ನು ಮೊದಲು ಟೈರು, ಆಮೇಲೆ ಸ್ಪ್ರಿಂಗು, ಆಮೇಲೆ ಸ್ಪಂಜು ಹಂಚಿಕೊಳ್ಳಬೇಕು. ಇಲ್ಲಿ ಅವೆಲ್ಲ ಒಮ್ಮತದಿಂದ ಏಟನ್ನು ನನ್ನ ಬೆನ್ನುಹುರಿಗೆ ಕಳಿಸಿಕೊಟ್ಟವು. ಎಲ್.ಬಿ.ಎಸ್. ರಸ್ತೆಯ ಟ್ರಾಫಿಕ್ಕಿನಲ್ಲಿ ಗಾಳಿಗೆ ಅಡ್ಡವಾಗುವ ಪ್ರಶ್ನೆಯೇ ಇರಲಿಲ್ಲ, ಏಕೆಂದರೆ ಗಾಡಿ ಇರುವೆಯ ಹಿಂದೆ ಇರುವೆಯಂತೆ ತೆವಳುತ್ತಿತ್ತು. ದೇಹದ ಭಾರವೆಲ್ಲ ಮುಂಗೈಗಳ ಮೇಲೆ. ಕ್ಲಚ್ಚು ಹಿಡಿ, ಬಿಡು, ಹಿಡಿ, ಬಿಡು. ಘಾಟ್ಕೋಪರ್ ಬರುವಷ್ಟರಲ್ಲಿ ಬೆರಳುಗಳು ಬಿಡುವುದನ್ನು ನಿಲ್ಲಿಸಿ ಹಿಡಿಯುವುದನ್ನಷ್ಟೇ ಮಾಡತೊಡಗಿದವು. ಮಂಡಿಗಳು ಎದೆಯ ಹತ್ತಿರ ಬಂದು ಏನೋ ಗುಟ್ಟು ಹೇಳುತ್ತಿದ್ದವು.

ಕುರ್ಲಾದ ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವನು ತಲೆ ಹೊರಹಾಕಿ, ನಾನು ನೋಡುತ್ತಿದ್ದ ದಿಕ್ಕಿನಲ್ಲೇ ರಸ್ತೆಯನ್ನು ಪರಿಶೀಲಿಸಿ ಕೇಳಿದ: "ಅಂಕಲ್, ಕುಛ್ ಗಿರಾ ಕ್ಯಾ?"

ಏನೋ ಬಿದ್ದುಹೋಗಿದೆ, ಹುಡುಕುತ್ತಿದ್ದೇನೆ ಎಂದುಕೊಂಡಿದ್ದ ಪುಣ್ಯಾತ್ಮ. ಬಿದ್ದಿದ್ದು ನನ್ನ ಮರ್ಯಾದೆ, ಅದನ್ನು ಹಿಂದಿಯಲ್ಲಿ ಹೇಳಲು ಉಸಿರಿರಲಿಲ್ಲ. ಮುಂದೆ ಒಬ್ಬರು ಟ್ರಾಫಿಕ್ ಪೊಲೀಸರಂತೂ ಚಲನ್ ಹಾಕಲು ಬಂದವರು ನನ್ನ ಮುಖ ನೋಡಿ, "ಕಾಕಾ, ಬರಾ ಆಹೇ ನಾ?" ಎಂದು ಕ್ಷೇಮ ವಿಚಾರಿಸಿ ಬಿಟ್ಟುಬಿಟ್ಟರು! ಮುಂಬಯಿಯಲ್ಲಿ ಇದಕ್ಕಿಂತ ದೊಡ್ಡ ಅಪಾಯದ ಸೂಚನೆ ಇನ್ನೇನು ಬೇಕು?

ಅಂತೂ ಸಮಾರಂಭದ ಹಾಲ್‌ನ ಅಂಗಳ ಮುಟ್ಟಿದೆ. ಗಾಡಿ ನಿಂತಿತು. ನಾನು ಇಳಿಯಲಿಲ್ಲ. ಮನಸ್ಸು ಇಳಿ ಎನ್ನುತ್ತಿತ್ತು, ಸೊಂಟ ಒಪ್ಪುತ್ತಿರಲಿಲ್ಲ. ಅಡುಗೆಯವರನ್ನು ಹುಡುಕಿಕೊಂಡು ಹೊರಗೆ ಬಂದಿದ್ದ ಶೆಟ್ಟರು ನನ್ನನ್ನು ಕಂಡು ಓಡಿ ಬಂದು, ವಾಚ್‌ಮನ್‌ನ ಜೊತೆ ಸೇರಿ, ಬೆರಳುಗಳನ್ನು ಹ್ಯಾಂಡಲ್ಲಿನಿಂದ ಒಂದೊಂದಾಗಿ ಬಿಡಿಸಿ, ಎತ್ತಿ ನೆಲಕ್ಕಿಟ್ಟರು. ಗಾಡಿ ಮಾತ್ರ ನನ್ನ ಕೆಳಗಿನಿಂದ ಹೋಯಿತು. ನಾನು ಅದೇ ಭಂಗಿಯಲ್ಲಿದ್ದೆ! ಸೊಂಟದಿಂದ ಮೇಲೆ ನೆಲಕ್ಕೆ ಸಮಾನಾಂತರ. ಇಷ್ಟು ದೂರ ಮೇಲಕ್ಕೆತ್ತಿ ಸುಸ್ತಾದ ಕುತ್ತಿಗೆ ಕೆಳಗೆ ಜೋತುಬಿದ್ದು, ಇನ್ನು ಏಳುವುದಿಲ್ಲ ಎಂದಿತು.

"ಅಯ್ಯೋ ದೇವ್ರೆ! ಅಡುಗೆ ಕೋಣೆಯಲ್ಲಿ ಒಂದು ಬೆಂಚುಂಟು, ಸ್ವಲ್ಪ ಮಲಗಿ ಮಾರಾಯ್ರೆ," ಎಂದರು ಶೆಟ್ಟರು. "ಹಾಲ್ ದಾಟಿಯೇ ಹೋಗ್ಬೇಕು. ಗೋಡೆ ಬದಿಯಿಂದ ಹೋಗುವ, ಯಾರಿಗೂ ಗೊತ್ತಾಗುದಿಲ್ಲ."

ಹೆಗಲಿಗೆ ಕೈಕೊಟ್ಟು ಒಳಗೆ ಕರೆದುಕೊಂಡು ಹೊರಟರು. ಅರ್ಧ ದಾರಿಯಲ್ಲಿ ಯಾರೋ, "ಶೆಟ್ರೇ, ಪಾಯಸ ತಳ ಹಿಡೀತಿದೆ!" ಎಂದು ಕೂಗಿದರು. ಶೆಟ್ಟರ ಪಾಲಿಗೆ ನನ್ನ ಸೊಂಟಕ್ಕಿಂತ ಪಾಯಸ ದೊಡ್ಡದು. "ಗೋಡೆ ಹಿಡ್ಕೊಂಡು ಸೀದ ಹೋಗಿ, ಬಂದೆ," ಎಂದು ಓಡಿದರು.

ನಾನು ಸೀದಾ ಹೋದೆ. ನನಗೆ ಕಾಣುತ್ತಿದ್ದುದು ನೆಲ, ಜನರ ಕಾಲುಗಳು, ಸುಮಿತ್ರಾ ಹಾಕಿದ ರಂಗೋಲಿ. ಸ್ವಲ್ಪ ದೂರದಲ್ಲಿ ಗೋಡೆ ಮುಗಿದು ಕೆಂಪು ರತ್ನಗಂಬಳಿ ಶುರುವಾಯಿತು. ರತ್ನಗಂಬಳಿ ಇದೆ ಎಂದಮೇಲೆ ಎಲ್ಲಿಗಾದರೂ ತಲುಪಿಸಲೇಬೇಕಲ್ಲ ಎಂದು ಅದರ ಮೇಲೆಯೇ ನಡೆದೆ. ಮಾತುಗಳು ನಿಂತು ಹಾಲ್ ಯಾಕೋ ನಿಶ್ಶಬ್ದವಾಯಿತು. ಪುರೋಹಿತರ ದನಿ ಕೇಳಿಸಿತು: "ಈಗ ಕಿರಿಯರು ಬಂದು ದಂಪತಿಗಳಿಗೆ ನಮಸ್ಕಾರ ಮಾಡಬಹುದು."

ಅಷ್ಟರಲ್ಲಿ ವೇದಿಕೆಯ ಅಂಚು ಮಂಡಿಗೆ ಬಡಿಯಿತು. ಮುಗ್ಗರಿಸಿದೆ. ಬೀಳದಿರಲು ಎರಡೂ ಕೈ ಮುಂದೆ ಚಾಚಿ ಸಿಕ್ಕಿದ್ದನ್ನು ಹಿಡಿದುಕೊಂಡೆ. ಸಿಕ್ಕಿದ್ದು ಎರಡು ದಪ್ಪ ಪಾದಗಳು. ಅವುಗಳ ಮೇಲೆ ಜರಿ ಪಂಚೆಯ ಅಂಚು.

ವಿಕ್ರೋಳಿಯಿಂದ ಹಿಡಿದುಕೊಂಡೇ ಬಂದಿದ್ದ ಬೆರಳುಗಳು ಗಬಕ್ಕನೆ ಮುಚ್ಚಿಕೊಂಡವು. ಬಿಡಿಸಲು ಆಗಲಿಲ್ಲ!

ಅಕ್ಷತೆಯ ಮಳೆ ಸುರಿಯಿತು. "ಏಳಿ, ಏಳಿ, ಸಾಕು," ಎಂದರು ಮೂರ್ತಿಯವರು. ನಾನು ಏಳಲಿಲ್ಲ. "ಏಳ್ರೀ, ನೀವೇನು ನನಗಿಂತ ಅಷ್ಟೊಂದು ಚಿಕ್ಕವರೇ!" ನಾನು ಏಳಲಿಲ್ಲ. ಹಿಂದಿನಿಂದ ಯಾರೋ, "ಪಾದ ಬಿಡ್ತಾನೇ ಇಲ್ಲ ನೋಡಿ!" ಎಂದು ಗದ್ಗದಿತರಾದರು. ಪುರೋಹಿತರು ಮೈಕಿನಲ್ಲೇ, "ಇಂಥ ವಿನಯ ಈ ಕಾಲದಲ್ಲಿ ಅಪರೂಪ," ಎಂದು ಅಪ್ಪಣೆ ಕೊಡಿಸಿದರು. ವಿಶಾಲು ಅಕ್ಕ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಫೋಟೋದವನು ನಾಲ್ಕೂ ದಿಕ್ಕಿನಿಂದ ಫ್ಲ್ಯಾಶ್ ಹೊಡೆದ.

ಆಗ ಮೂರ್ತಿಯವರು ಕುರ್ಚಿ ಬಿಟ್ಟು ಕೆಳಗೆ ಕುಕ್ಕರಿಸಿ, ನನ್ನ ಮುಖಕ್ಕೆ ಮುಖ ತಂದರು. ಕಣ್ಣಲ್ಲಿ ನೀರು. "ನಿಮ್ಮ ಮದುವೇಲಿ ಗಾಡಿ ಬಗ್ಗೆ ಒಂದು ಮಾತು ಆಡಿಬಿಟ್ಟೆ ಕಣ್ರೀ. ಆವತ್ತೇ ಕ್ಷಮೆ ಕೇಳ್ಬೇಕಿತ್ತು. ಜಂಬ ಬಿಡಲಿಲ್ಲ. ನೀವು ದೊಡ್ಡವರು," ಎಂದರು.

ಇಷ್ಟು ವರ್ಷ ಕಾದಿದ್ದ ಮಾತು ಅದು! ಆದರೆ ಇದು ನಮಸ್ಕಾರವಲ್ಲ, ಸೊಂಟ ಎಂದು ಹೇಳಿದರೆ ನನ್ನ ಸ್ವಾಭಿಮಾನ ಉಳಿಯುತ್ತಿತ್ತು. ಹೇಳಲು ಬಾಯಿ ತೆರೆದೆ. ಆಗ ಮಲ್ಲಿಗೆಯ ಘಮದ ಜೊತೆ ಕಿವಿಯ ಹತ್ತಿರ ಸುಮಿತ್ರಾಳ ಪಿಸುದನಿ: "ಸೊಂಟ ಹಿಡ್ಕೊಂಡಿದೆ ಅಂತ ಗೊತ್ತು. ಅಕ್ಕನ ಮುಖ ನೋಡಿ ಒಂದ್ಸಲ. ಏನಾದ್ರೂ ಬಾಯಿ ಬಿಟ್ರೋ, ಮನೇಲಿ ನಾನೂ ಇರ್ತೀನಿ, ನೀವೂ ಇರ್ತೀರಿ!"

ಅಕ್ಕನ ಮುಖ ನೋಡಲು ಕುತ್ತಿಗೆ ಏಳಬೇಕಲ್ಲ. ಆದರೂ ಅವರ ಅಳು ಕೇಳಿಸುತ್ತಿತ್ತು. ಬಾಯಿ ಮುಚ್ಚಿಕೊಂಡೆ. ಹೆಂಡತಿಗೆ ಹೆದರಿ ಎನ್ನುವವರು ಎನ್ನಲಿ, ಅರ್ಧ ಸತ್ಯ.

ಊಟಕ್ಕೆ ಮಾತ್ರ ಆ ಭಂಗಿ ಬಹಳ ಅನುಕೂಲ. ಬಾಳೆಲೆಗೂ ಬಾಯಿಗೂ ಅಂತರವೇ ಇರಲಿಲ್ಲ. ಸಂಜೆ ಮೂರ್ತಿಯವರು ಹಟ ಹಿಡಿದು ತಮ್ಮ ಹೊಸ ಕಾರಿನಲ್ಲೇ ನನ್ನನ್ನು ಮನೆಗೆ ಬಿಟ್ಟರು. ದಾರಿಯುದ್ದಕ್ಕೂ ಸೀಟಿನ ಗುಣಗಾನ. ಬಟನ್ ಒತ್ತಿದರೆ ಬೆನ್ನಿಗೆ ಆಸರೆ ಬರುತ್ತದಂತೆ. ಬಂತು. ಮೂವತ್ತು ಚಿಲ್ಲರೆ ವರ್ಷ ಕುರ್ಚಿ ಮಾಡಿದವನಾಗಿ ಹೇಳುತ್ತೇನೆ, ಅಂಥ ಸೀಟನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಇದನ್ನೂ ಅವರೆದುರು ಒಪ್ಪಿಕೊಳ್ಳಬೇಕಾಯಿತು!

ಈಗ ರೋಹನ್ ಗಾಡಿಗೆ ಎತ್ತರದ ಹ್ಯಾಂಡಲ್ಲು, ಇಬ್ಬರ ಸೀಟು, ದಪ್ಪ ಸ್ಪಂಜು ಹಾಕಿಕೊಟ್ಟಿದ್ದಾನೆ. ಸ್ಪಂಜಿನ ಅಳತೆ ಕೊಟ್ಟಿದ್ದು ಸುಮಿತ್ರಾ. ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಷಡ್ಡಕರು ಆ ದಿನದ ಫೋಟೋವನ್ನು ದೊಡ್ಡದು ಮಾಡಿಸಿ, ಚಿನ್ನದ ಬಣ್ಣದ ಚೌಕಟ್ಟು ಹಾಕಿಸಿ, ಪ್ರೀತಿಯಿಂದ ಕಳಿಸಿದರು. ಅದರಲ್ಲಿ ಅವರ ಮುಖ ಪೂರ್ತಿಯಾಗಿ ಕಾಣುತ್ತದೆ, ನನ್ನದು ಬೆನ್ನು ಮಾತ್ರ. ಸುಮಿತ್ರಾ ಅದನ್ನು ನಮ್ಮ ಹಾಲ್‌ನ ಗೋಡೆಗೆ ಹಾಕಿದ್ದಾಳೆ. ಸೊಂಟದ ವ್ಯಾಯಾಮ ಹೇಳಿಕೊಡುವ ತಜ್ಞೆ, ದಿನಾ ಬೆಳಿಗ್ಗೆ ನೆಟ್ಟಗೆ ನಿಂತು, ಎರಡೂ ಕೈ ನೆಲಕ್ಕೆ ತಾಗುವಂತೆ ಬಗ್ಗಬೇಕೆಂದು ಕಟ್ಟಪ್ಪಣೆ ಮಾಡಿದ್ದಾರೆ. ವಿಕ್ರೋಳಿಯ ಫ್ಲ್ಯಾಟಿನಲ್ಲಿ ಕೈ ಚಾಚಿ ಬಗ್ಗುವಷ್ಟು ಜಾಗ ಇರುವುದು ಒಂದೇ ಕಡೆ, ಆ ಗೋಡೆಯ ಮುಂದೆ.

ದಿನಾ ಬೆಳಿಗ್ಗೆ ಷಡ್ಡಕರ ಮುಂದೆ ನಿಲ್ಲುತ್ತೇನೆ. ಅಡುಗೆಮನೆಯಿಂದ ಸುಮಿತ್ರಾ ಕೂಗುತ್ತಾಳೆ: "ಏನ್ರೀ ಅದು, ಇನ್ನೂ ಸ್ವಲ್ಪ ಬಗ್ಗಿ!"