ಎಂಟು ಕರ್ಚೀಫಿನ ದಂಧೆ

ಎಲ್ಲಕ್ಕೂ ಕಾರಣ ಎಂಟು ಕೆಂಪು ಕರ್ಚೀಫುಗಳು.

ಡೊಂಬಿವಲಿಯ ಕನ್ನಡ ಶಾಲೆಯ ಹಂಗಾಮಿ ಮಾಸ್ತರ ವಿಠಲ, ಒಂಬತ್ತನೆಯ ಇಯತ್ತೆಯ ಎಂಟು ಮಕ್ಕಳಿಗೆ ಉದ್ಯಮ ಕಲಿಸಲು ಕಮ್ಮಟವೊಂದನ್ನು ಕಟ್ಟಿದ್ದ. ಪುಸ್ತಕವಿಲ್ಲ, ಭಾಷಣವಿಲ್ಲ. ೧೯೯೬ರ ಆ ಶನಿವಾರ ಮಕ್ಕಳೇ ಬಜಿ ಕರಿದು ಶಾಲೆಯ ಗೇಟಿನಲ್ಲಿ ಮಾರಬೇಕು. ಕೂದಲು ಎಣ್ಣೆಗೆ ಬೀಳದಿರಲೆಂದು ತಲೆಗೆ ಕಟ್ಟಲು ಹಿಂದಿನ ದಿನವೇ ತಲಾ ಒಂದು ಕರ್ಚೀಫು ಕೊಟ್ಟಿದ್ದ. ಹನ್ನೊಂದಕ್ಕೆ ಶಾಲಾ ಸಮಿತಿಯ ಅಧ್ಯಕ್ಷ, ಠಾಣೆ ಪಟ್ಟಣದಲ್ಲಿ ಹೋಟೆಲಿರುವ ದೇವದಾಸ್ ಶೆಟ್ಟರು ನೋಡಲು ಬರುವವರು. ಕಮ್ಮಟ ಗೆದ್ದರೆ ನೌಕರಿ ಕಾಯಂ ಮಾಡುವ ವಿಚಾರ "ನೋಡುವಾ" ಎಂದಿದ್ದರು. ಅವರ "ನೋಡುವಾ" ನಂಬಿಕೊಂಡೇ ವಿಠಲ ಐದು ವರ್ಷ ಕಳೆದಿದ್ದ.

ಬೆಳಿಗ್ಗೆ ಒಂಬತ್ತು. ಸ್ಟೋವ್ ಉರಿಯುತ್ತಿತ್ತು, ಎಣ್ಣೆ ಕಾದಿತ್ತು, ಮಕ್ಕಳು ಮಾತ್ರ ನಾಪತ್ತೆ.

"ಎಂತ ಮಾಸ್ಟ್ರೆ, ಕಂಪನಿ ಉಂಟು, ಕೆಲಸದವರೇ ಇಲ್ವಲ್ಲ?" ಪಕ್ಕದ ವರ್ಗದ ಪ್ರಫುಲ್ಲಾ ಟೀಚರ್ ಕಿಟಕಿಯಿಂದ ಚುಚ್ಚಿದರು.

"ಹಿಟ್ಟು ಗಟ್ಟಿ ಆಗ್ಯಾದ ನೋಡ್ರಿ," ಎಂದ ಜವಾನ ಮಾಪಣ್ಣ ಯಾರನ್ನೂ ಕೇಳದೆ ಒಂದು ತಂಬಿಗೆ ನೀರು ಸುರಿದ. ಬಜಿ ಹಿಟ್ಟು ಅಂಬಲಿಯಾಯಿತು.

ವಿಠಲ ಮಕ್ಕಳನ್ನು ಹುಡುಕುತ್ತ ಸ್ಟೇಷನ್ನಿಗೆ ಓಡಿದ. ಕಲ್ಯಾಣದಿಂದ ಬಂದ ಲೋಕಲ್ ರೈಲು ನಿಂತಿತು. ಹತ್ತುವವರ ಕಾಲುಗಳ ನಡುವಿನಿಂದ ಒದ್ದೆ ಸಾಬೂನಿನ ಹಾಗೆ ಜಾರಿ ಹೊರಬಿದ್ದಳು ಅವನ ವಿದ್ಯಾರ್ಥಿನಿ ಜ್ಯೋತಿ. ಕೈಯಲ್ಲಿ ಕೆಂಪು ಕರ್ಚೀಫು. ಹಿಂದೆಯೇ ಉಳಿದ ಏಳು ಮಂದಿ.

"ಏ ಜ್ಯೋತಿ! ಬಜಿ ಬಿಟ್ಟು ಇಲ್ಲೇನ್ ಮಾಡಾಕತ್ತೀರಿ?"

"ದಂಧೆ ರೀ ಸರ! ನಾವೆಲ್ಲಾ ಕಲ್ಯಾಣದ ಆಚಿ ಶಹಾಡದವರು, ರೈಲ್ವೆ ಪಾಸ್ ಅದ. ಕಲ್ಯಾಣಕ್ಕ ಹೋಗಿ ಅಲ್ಲಿಂದಽ ಬಿಡೋ ಖಾಲಿ ಗಾಡಿ ಹತ್ತತೀವಿ. ಒಂದು ಸೀಟಿನ ಮ್ಯಾಲ ನಾವು, ಬಾಜೂಕಿಂದರ ಮ್ಯಾಲ ಕರ್ಚೀಫ್. ಡೊಂಬಿವಲಿ ಬಂತಂದ್ರ ಗಿರಾಕಿಗೆ ಬಿಟ್ಟುಕೊಟ್ಟು ಇಳೀತೀವಿ. ಸೀಟಿಗೆ ಎರಡ ರೂಪಾಯಿ. ಕೈಯಾಗ ಇದ್ದದ್ದರಾಗ ಶುರು ಮಾಡ್ರಿ ಅಂತ ನೀವಽ ಹೇಳಿದ್ರಲ್ರಿ?"

ಬೈಯಲು ಬಂದ ವಿಠಲ ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದ. ಬಂಡವಾಳ ಒಂದು ತುಂಡು ಬಟ್ಟೆ. ಮಾಲು ಹಳಸುವುದಿಲ್ಲ. ಗಿರಾಕಿಯನ್ನು ಕರೆಯುವುದೇ ಬೇಡ, ಬಾಗಿಲಲ್ಲಿ ಜೋತುಬಿದ್ದು ಬರುತ್ತಾನೆ. ತಾನು ನಾಲ್ಕು ತಿಂಗಳು ಹಾಳೆಯ ಮೇಲೆ ಗೀಚಿದ್ದನ್ನು ಈ ಹುಡುಗಿ ಒಂದೇ ಬೆಳಿಗ್ಗೆ ಗಾಡಿ ಹತ್ತಿಸಿದ್ದಳು! ವಿಠಲನ ಎದೆ ಪೂರಿಯಂತೆ ಉಬ್ಬಿತು. ಮರುಕ್ಷಣ ಶೆಟ್ಟರ ನೆನಪಾಗಿ ಠುಸ್ಸೆಂದಿತು.

ಹನ್ನೊಂದಕ್ಕೆ ಶೆಟ್ಟರು ಬಂದು ಕುರ್ಚಿಯಲ್ಲಿ ಕೂತರು. ಅಂಬಲಿ ನೋಡಿದರು. ಕರ್ಚೀಫು ನೋಡಿದರು. ಜ್ಯೋತಿಯನ್ನು ನೋಡಿ ಎದ್ದೇಬಿಟ್ಟರು.

"ಬೆಳಿಗ್ಗೆ ನಂಗೆ ಸೀಟು ಕೊಟ್ಟ ಹುಡುಗಿ ಅಲ್ವಾ ಇದು! ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಇಲ್ಲಿಂದ ಠಾಣೆವರೆಗೆ ಕೂತು ಹೋದೆ ಮಾರಾಯ್ರೆ! ಇದನ್ನು ಕಲಿಸಿದ್ದು ನೀವಾ? ನಿಮ್ಮಂಥ ಮಾಸ್ಟ್ರು ಈಗ ಎಲ್ಲಿ ಸಿಗ್ತಾರೆ!"

"ಹಂಗಾದ್ರ... ನನ್ನ ಕಾಯಂ ಜಾಗಾ, ಸರ?"

ಶೆಟ್ಟರು ಪ್ರೀತಿಯಿಂದ ಅವನ ಹೆಗಲು ತಟ್ಟಿದರು.

"ಅದಾ? ಅದರ ಮೇಲೆ ನನ್ನ ತಂಗಿ ಮಗ ಹೋದ ವರ್ಷವೇ ಕರ್ಚೀಫು ಹಾಕಿದ್ದಾನಲ್ಲ!"

ಅವರು ಮತ್ತೆ ಕೂತರು. ವಿಠಲ ನಿಂತೇ ಇದ್ದ. ಜ್ಯೋತಿ ಮೆಲ್ಲಗೆ ಅವನ ತೋಳು ಜಗ್ಗಿದಳು.

"ಸರ, ಕಲ್ಯಾಣದ ಕನ್ನಡ ಸಾಲ್ಯಾಗ ನಿಮ್ಮ ಹೆಸರಲೆ ಒಂದು ಕರ್ಚೀಫ್ ಹಾಕಿ ಇಡ್ಲೇನ್ರಿ? ನಿಮಗಂತ ಒಂದೂವರಿ ರೂಪಾಯಿ."