ಬಾಯಿ ಬಿಟ್ಟರೆ ಬಣ್ಣ

ಊರಿನ ಬೀಗಗಳೆಲ್ಲ ಅವನ ಕೈ ಸೋಕಿದರೆ ಬಾಯಿ ಬಿಡುತ್ತಿದ್ದವು. ಜಪ್ಪಯ್ಯ ಅಂದರೂ ಬಿಡದೆ ಕೂತಿದ್ದು ಒಂದೇ: ಅವನ ಬೀಗರು ತಂದಿಟ್ಟ ಕಪ್ಪೆಚಿಪ್ಪು.

ಈ ಬೀಗ ರಿಪೇರಿಯವನ ಮನೆಯಲ್ಲಿ ಉಪ್ಪುನೀರಿನ ಪುಟ್ಟ ಗಾಜಿನ ತೊಟ್ಟಿ ಇತ್ತು. ಎರಡು ಹವಳ, ಒಂದು ನೀಲಿ ದೀಪ, ಮುದುಕನ ಹಾಗೆ ಗೊರಗುಟ್ಟುವ ಪಂಪು. ನಿನ್ನೆ ಸಂಜೆ ಮಗಳ ಮಾವ ಅಂಗೈಯಗಲದ ಜೀವಂತ ಚಿಪ್ಪನ್ನು ಬಕೆಟ್ಟಿನಲ್ಲಿ ತಂದು ಅದರೊಳಗೆ ಇಳಿಸಿದ್ದರು. "ನಮ್ಮನೆಯೋಳ ಪ್ರಾಣ ಇದು. ಅವಳು ತವರಿಂದ ಬರೋದ್ರೊಳಗೆ ನಮ್ಮ ತೊಟ್ಟಿ ತೊಳೀಬೇಕು, ಒಂದು ದಿನ ಜೋಪಾನ ಮಾಡಿ. ನಾಳೆ ನಾಲ್ಕಕ್ಕೆ ಬರ್ತೀನಿ."

ಬೆಳಗಿನಿಂದ ಅದು ಬಾಯಿ ಬಿಟ್ಟಿರಲಿಲ್ಲ. ಇವನು ಐದು ನಿಮಿಷಕ್ಕೊಮ್ಮೆ ಬಗ್ಗಿ ನೋಡಿದ್ದೇ ನೋಡಿದ್ದು.

"ಸತ್ತರೆ ಮಗಳು ಆ ಮನೇಲಿ ಜೀವಮಾನವೆಲ್ಲ ಮಾತು ಕೇಳ್ಬೇಕು ರೀ!" ಹೆಂಡತಿ ಕಣ್ಣೀರು ತೆಗೆದಳು.

ಅಳು ಕೇಳಿ ಎದುರುಮನೆ ಮೇಷ್ಟ್ರು ಬಂದರು. ಬಗ್ಗಿದರು. "ಉಪ್ಪು ಹೆಚ್ಚಾಗಿದೆ ಕಣಯ್ಯ."

ಪಕ್ಕದ ಮನೆ ಟೈಲರ್ ಅಕ್ಕ ಬಂದು ಮೇಷ್ಟ್ರ ಹೆಗಲ ಮೇಲಿಂದ ಬಗ್ಗಿದಳು. "ಉಪ್ಪು ಕಮ್ಮಿ ಆಗಿದೆ. ಬೀಗ ತೆಗೆಯೋನಲ್ವೇನಪ್ಪ ನೀನು? ತಂತಿ ಹಾಕಿ ತೆಗಿ!"

"ನಿನ್ನ ಬಾಯಿಗೆ ಹಾಕ್ತೀನಿ ಬೀಗ! ನಡೀರಿ ಎಲ್ಲಾ ಆಚೆ!"

ಎಲ್ಲರನ್ನೂ ಅಟ್ಟಿ, ಬಾಗಿಲ ಬಳಿ ನೆಲಕ್ಕೆ ಕುಸಿದ. ಹತ್ತು ನಿಮಿಷ ಕಳೆಯಿತು. ಚಿಪ್ಪು ಮೆಲ್ಲಗೆ ತೆರೆಯಿತು. ಒಳಗಿಂದ ನವಿಲಿನ ಕತ್ತಿನಂಥ ನೀಲಿ ಅಂಚು ಅಲೆಅಲೆಯಾಗಿ ಹೊರಗೆ ಬಂತು. ಸಂತೋಷದಿಂದ ಓಡಿ ಬಗ್ಗಿದ. ನೆರಳು ಬಿದ್ದದ್ದೇ ತಡ, ಪಟ್ಟನೆ ಮುಚ್ಚಿತು!

ಆಗ ಅವನ ತಲೆಗೆ ಹೊಳೆಯಿತು. ಬೆಳಗಿನಿಂದ ಅದರ ಬಾಯಿ ಮುಚ್ಚಿಸಿದ್ದು ಇವನ ತಲೆಯೇ.

ಅಷ್ಟರಲ್ಲಿ ಬೀಗರು ಬಂದರು, ಬಗ್ಗಿದರು. "ಅಯ್ಯೋ! ಸತ್ತೇಹೋಗಿದೆ! ಕೊಂದುಬಿಟ್ರಲ್ಲ ಬೀಗರೇ!"

"ಇಲ್ಲ ಬೀಗರೇ, ನೀವು ನೋಡಿದ್ರೆ ಮುಚ್ಕೊಳುತ್ತೆ!"

"ಏನಂದ್ರಿ? ನನ್ನ ಕಣ್ಣು ಕೆಟ್ಟದ್ದು ಅಂತಲೋ?"

"ಅಯ್ಯೋ, ಕಣ್ಣಲ್ಲ, ತಲೆ!"

"ನನ್ನ ತಲೆ ಕೆಟ್ಟಿದೆಯೋ?"

ಇನ್ನು ಮಾತಾಡಿ ಫಲವಿಲ್ಲವೆಂದು ಬೀಗರ ರಟ್ಟೆ ಹಿಡಿದೆಳೆದು ಬಾಗಿಲ ಹಿಂದೆ ಕೂರಿಸಿದ. ಇಬ್ಬರೂ ಉಸಿರು ಬಿಗಿಹಿಡಿದರು. ಚಿಪ್ಪು ನಿಧಾನಕ್ಕೆ ನೀಲಿ ಬಣ್ಣ ಹರಡಿತು.

ಬೀಗರ ಬಾಯಿ ಅದಕ್ಕಿಂತ ಅಗಲವಾಗಿ ತೆರೆಯಿತು. "ಬದುಕಿದೆ! ಮೂರು ದಿನದಿಂದ ನಾನೂ ಬಗ್ಗಿ ಬಗ್ಗಿ ನೋಡಿ, ಸತ್ತಿದೆ ಅಂತಲೇ ನಿಮ್ಮಲ್ಲಿ ತಂದಿಟ್ಟಿದ್ದು! ನನ್ನ ಕೈಲಿ ಸತ್ತಿತು ಅಂದ್ರೆ ಅವಳು ಬಿಡ್ತಿದ್ಲಾ? ನಿಮ್ಮ ಕೈಲಿ ಸತ್ತಿತು ಅಂದ್ರೆ..." ಅಲ್ಲಿಗೆ ನಾಲಗೆ ಕಚ್ಚಿಕೊಂಡು, ಚಿಪ್ಪನ್ನು ಬಕೆಟ್ಟಿಗೆ ಹಾಕಿಕೊಂಡು ಹಿಂದೆ ತಿರುಗಿ ನೋಡದೆ ಹೊರಟೇಬಿಟ್ಟರು.

ಆರು ಗಂಟೆಗೆ ಫೋನು ಬಂತು. ಬೀಗಿತ್ತಿ.

"ಏನ್ ಮಾಡಿದ್ರಿ ನನ್ನ ಚಿಪ್ಪಿಗೆ? ತವರಿಂದ ಬಂದಾಗಿನಿಂದ ತೊಟ್ಟಿ ಬಿಟ್ಟು ಏಳದೆ ಬಗ್ಗಿ ನೋಡ್ತಾ ಇದೀನಿ, ಬಾಯೇ ಬಿಡ್ತಿಲ್ಲ! ನಮ್ಮನೇಲಿ ಚೆನ್ನಾಗೇ ಇತ್ತಂತೆ, ಇವರೇ ಹೇಳ್ತಿದಾರೆ. ಹೇಳಿ, ಏನ್ ಮಾಡಿದ್ರಿ?"

ಹಿಂದಿನಿಂದ ಮಗಳ ದನಿ ಸಣ್ಣಗೆ ಕೇಳಿತು: "ಅತ್ತೆ, ಅಪ್ಪ ಹಂಗೆಲ್ಲ ಮಾಡೋರಲ್ಲ..."

ಬೀಗರ ಬಣ್ಣ ಬಯಲು ಮಾಡಲು ಒಂದು ಮಾತು ಸಾಕಿತ್ತು. ಇವನು ಬಾಯಿ ತೆರೆದ.

ಹೆಂಡತಿ ಎದುರಿಗೆ ಬಂದು ನಿಂತಳು. ಅವಳ ನೆರಳು ಮುಖದ ಮೇಲೆ ಬಿತ್ತು.

ಪಟ್ಟನೆ ಮುಚ್ಚಿಕೊಂಡ.